ನೋಡಿ ಹೇಳುವುದು

ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಒದ್ದೆ ಕಾಗದವನ್ನು ಕಲ್ಲಿನ ಅಕ್ಷರಗಳ ಒಳಕ್ಕೆ ಒತ್ತಿ ಒತ್ತಿ ಆದದ್ದು. ಉಗುರಿನ ಅಂಚಿನಲ್ಲಿ ಕಪ್ಪು ಮಸಿ ಕೂತಿತ್ತು, ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೂ ಅದು ಹೋಗಿರಲಿಲ್ಲ ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಚಪ್ಪಟೆ ಬೆರಳು ನಿಜ, ಬೇರೆಯವರೂ ಕಂಡಿದ್ದಾರೆ. ಮಸಿಯ ಬಗ್ಗೆ ಈಗ ಅನುಮಾನವಿದೆ. ಅವರ ತಂಗಿಯನ್ನು ಕೇಳಿದಾಗ, "ಮಸಿ ಎಲ್ಲೀದು ಮೇಷ್ಟ್ರೇ, ದಿನಾ ಹುಣಸೆಹಣ್ಣು ಹಾಕಿ ಉಜ್ಕಳ್ತಿದ್ದ" ಎಂದರು. ಹಾಗಾಗಿ ಈ ಬರಹದಲ್ಲಿ ಏನೇನು ನನ್ನ ನೆನಪು ಸೇರಿಸಿದ್ದು ಎಂದು ಖಚಿತವಾಗಿ ಹೇಳಲಾರೆ. ಕಾಗದದಲ್ಲಿ ಆಧಾರವಿರುವುದನ್ನು ಆಧಾರವಿದೆ ಎಂದೇ ಹೇಳುತ್ತೇನೆ.

ಅವರ ಕೆಲಸ ಶಾಸನಗಳ ಅಚ್ಚು ತೆಗೆಯುವುದು. ಕಲ್ಲನ್ನು ನೀರು ಹಾಕಿ ತೊಳೆದು, ಪಾಚಿ ಕೆರೆದು, ಅದರ ಮೇಲೆ ನೆನೆಸಿದ ಕಾಗದ ಹರಡಿ, ಗಡಸು ಬ್ರಶ್ಶಿನಿಂದ ಬಡಿಯಬೇಕು. ಕಾಗದ ಅಕ್ಷರಗಳ ಗುಳಿಯೊಳಕ್ಕೆ ಇಳಿಯುತ್ತದೆ. ಆಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಟ್ಟಿದರೆ ಕಲ್ಲಿನ ಮೈ ಇರುವ ಕಡೆ ಕಾಗದ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಬಿಡಿಸಿಕೊಂಡರೆ ಕಲ್ಲಿನ ಮಾತು ಕಾಗದಕ್ಕೆ ಬಂದಿರುತ್ತದೆ. ಓದುವವರು ಬೇರೆ, ಪುಸ್ತಕ ಮಾಡುವವರು ಬೇರೆ. ಇವರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾರನಹಳ್ಳಿಯಲ್ಲಿ ಎಲ್ಲರೂ ಅವರನ್ನು ಅಚ್ಚಿನವರು ಎನ್ನುತ್ತಿದ್ದರು. ಎದುರಿಗೆ ನಾನು ಯಜಮಾನ್ರೇ ಎಂದು ಕರೆಯುತ್ತಿದ್ದೆ.

ಮೊದಲು ಕಂಡದ್ದು ಹಳೇಬೀಡಿನಲ್ಲಿ. ಆಗ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ, ಎರಡು ಊರು ಬಿಟ್ಟು, ಇದನ್ನೂ ಯಾವಾಗ ಬಿಡುವುದು ಎಂದು ಯೋಚಿಸುತ್ತಿದ್ದ ಕಾಲ. ವಿದ್ಯಾರ್ಥಿಗಳನ್ನು ಒಂದು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಗುಡಿಯ ಹೊರಗೆ ನಿಲ್ಲಿಸಿದ್ದ ಒಂದು ಕಲ್ಲಿನ ಮುಂದೆ ನಿಂತು, ದಾರಿಯಲ್ಲಿ ಕೊಂಡ ಪುಸ್ತಕ ನೋಡಿ, ಇದರ ಕೆಳಗಿನ ಸಾಲುಗಳು ಸವೆದು ಹೋಗಿವೆ, ಓದಲಾಗುವುದಿಲ್ಲ ಎಂದು ಹೇಳುತ್ತಿದ್ದೆ. ನೆರಳಿನಲ್ಲಿ ಕೂತಿದ್ದ ಒಬ್ಬ ಮುದುಕರು ಎದ್ದು ಬಂದರು. ಕೈಚೀಲದಿಂದ ಕ್ಷೌರದ ಕನ್ನಡಿಯಂಥ ಒಂದು ಕನ್ನಡಿ ತೆಗೆದು, ಬಿಸಿಲನ್ನು ಅದರಲ್ಲಿ ಹಿಡಿದು, ಕಲ್ಲಿನ ಪಕ್ಕದಿಂದ ಓರೆಯಾಗಿ ಬಿಟ್ಟರು. ಏನೂ ಇಲ್ಲದ ಕಡೆ ಅಕ್ಷರಗಳ ಸಾಲು ಎದ್ದು ನಿಂತಿತು.

"ಸವ್ದಿಲ್ಲ ಮೇಷ್ಟ್ರೇ. ಬೆಳಕು ನೆತ್ತಿ ಮೇಲೈತೆ, ಅಷ್ಟೇ" ಎಂದರು.

ಹುಡುಗರು ನಕ್ಕರು. ನನಗೆ ಅವಮಾನವಾಯಿತು ಎಂದು ನೆನಪು. ಆದರೆ ಬೆಳಕು ಯಾವ ಕೋನದಲ್ಲಿ ಬಿದ್ದರೆ ಗುಳಿ ಕಾಣುತ್ತದೆ ಎಂಬುದು ನನ್ನದೇ ಪಾಠ. ಅದನ್ನು ಹೊರಗೆ ಬಂದು ನೋಡಿರಲಿಲ್ಲ. ವಾಪಸು ಬರುವಾಗ ಅವರೂ ನಮ್ಮ ಬಸ್ಸಿನಲ್ಲೇ ಬಂದು ಹಾರನಹಳ್ಳಿಯಲ್ಲಿ ಇಳಿದರು. ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆ.

ಮನೆಯಲ್ಲಿ ಅವರು ಮತ್ತು ವಿಧವೆ ತಂಗಿ. ನಡುಮನೆಯಲ್ಲಿ ಎರಡು ಕಬ್ಬಿಣದ ಟ್ರಂಕು. ಅವರು ಕೆಲಸದಲ್ಲಿದ್ದ ಪುರಾತತ್ವ ಇಲಾಖೆಗೆ ಹೋಗಬೇಕಾದ ಅಚ್ಚುಗಳು ಇಲಾಖೆಗೆ ಹೋಗಿದ್ದವು. ಮಸಿ ಹೆಚ್ಚಾದದ್ದು, ಅಂಚು ಹರಿದದ್ದು, ಮೊದಲ ಸಲ ಸರಿಬಾರದೆ ಬೇಡವೆಂದು ಬಿಟ್ಟದ್ದು, ಇವನ್ನು ಅವರು ಎಸೆಯದೆ ಇಟ್ಟುಕೊಂಡಿದ್ದರು. ಪ್ರತಿ ಕಾಗದದ ಬಲ ಮೂಲೆಯಲ್ಲಿ ಸೀಸದಕಡ್ಡಿಯಲ್ಲಿ ಊರು, ಕಲ್ಲಿನ ಯಾವ ಮಗ್ಗುಲು, ತೆಗೆದ ದಿನ. ಅದನ್ನು ಬರೆಯದೆ ಕಾಗದ ಮಡಿಸುತ್ತಿರಲಿಲ್ಲ. ಅವರೇ ಓದಲು ಕಲಿತು, ತಮಗೆ ತಿಳಿದಂತೆ ಮಾಡಿದ ಓದುಗಳು ನೋಟ್‌ಬುಕ್ಕುಗಳಲ್ಲಿದ್ದವು, ಬೇರೆಯವರಿಗೆ ಅರ್ಥವಾಗದ ಚುಟುಕು ಗುರುತುಗಳಲ್ಲಿ.

ಆ ಕಾಗದಗಳಿಗೆ ಬೆಲೆ ಬಂದದ್ದು ಕಲ್ಲುಗಳು ಹೋದದ್ದರಿಂದ. ಕಣಕಟ್ಟೆ ಕಡೆಯ ಒಂದು ವೀರಗಲ್ಲು ಯಾವುದೋ ತೋಟದ ಮೋರಿಗೆ ಚಪ್ಪಡಿಯಾಗಿತ್ತು. ಗೆಂಡೆಹಳ್ಳಿ ಹತ್ತಿರದ ಇನ್ನೊಂದನ್ನು ಬಟ್ಟೆ ಒಗೆಯಲು ಮಗುಚಿ ಹಾಕಿದ್ದರು, ಅಕ್ಷರದ ಮೈ ಮೇಲಾಗಿ. ಕೆಲವು ಕಲ್ಲಿಗೆ ಆ ಟ್ರಂಕಿನ ಹರಕು ಕಾಗದವೇ ಉಳಿದ ಸಾಕ್ಷಿ. ತಂಗಿಗೆ ಇದೆಲ್ಲ ತಿಳಿದಿತ್ತು, ಆದರೂ ಬಿಡುತ್ತಿರಲಿಲ್ಲ. "ಇವನ್ನೆಲ್ಲ ಒಲೆಗೆ ಹಾಕಿದ್ರೆ ಒಂದ್ ವರ್ಸ ಸ್ನಾನದ್ ನೀರು ಕಾಯ್ತಿತ್ತು" ಎನ್ನುವರು. ಅಣ್ಣ ಅದಕ್ಕೆ, "ನೀನು ಸ್ನಾನ ಮಾಡೋದು ವಾರಕ್ಕೊಂದ್ ಸರ್ತಿ, ಎರಡು ವರ್ಸ ಬತ್ತದೆ" ಎನ್ನುವರು.

ಅವಸರ ಕಣ್ಣಿನದು. ಒತ್ತಡದ ಕಾಯಿಲೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಸ್ವಲ್ಪ ಕಾಲ ಹಿಡಿದಿಡಬಹುದು ಎಂದು ಹಾಸನದ ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಬಾಗಿಲನ್ನು ಎರಡೂ ಕಡೆಯಿಂದ ಯಾರೋ ಮುಚ್ಚಿಕೊಂಡು ಬಂದ ಹಾಗೆ ಕಾಣುತ್ತದೆ ಎಂದು ಅವರು ನನಗೆ ವಿವರಿಸಿದರು. ಆ ಬಾಗಿಲು ಮುಚ್ಚುವ ಮೊದಲು ಎರಡು ಟ್ರಂಕನ್ನೂ ಕಂಪ್ಯೂಟರಿಗೆ ಹಾಕಬೇಕು, ಚಿತ್ರದ ಪಕ್ಕದಲ್ಲೇ ಓದು ಇರಬೇಕು, ಓದನ್ನು ತಾವೇ ಕಣ್ಣಿಂದ ನೋಡಿ ಸರಿಯೆಂದು ಹೇಳಬೇಕು. ಬೇಕಾಗಿದ್ದದ್ದು ಇಷ್ಟೇ.

ಹಿಂದೆ ಒಮ್ಮೆ ಪ್ರಯತ್ನಿಸಿ ಕೈಸುಟ್ಟುಕೊಂಡಿದ್ದರು. ಬೇಲೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ತಾವೇ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿ, ಎರಡು ನೋಟ್‌ಬುಕ್ಕು ಟೈಪು ಮಾಡಿಸಿ ಫ್ಲಾಪಿಗಳಲ್ಲಿ ತಂದಿಟ್ಟಿದ್ದರು. ಆ ಕನ್ನಡ ಆ ತಂತ್ರಾಂಶದಲ್ಲಿ ಮಾತ್ರ ತೆರೆಯುತ್ತಿತ್ತು. ತಂತ್ರಾಂಶ ನಡೆಯಲು ಕಂಪ್ಯೂಟರಿನ ಹಿಂದೆ ಬೆರಳುದ್ದದ ಒಂದು ಬೀಗ ಚುಚ್ಚಿರಬೇಕಿತ್ತು. ಅಂಗಡಿ ಮುಚ್ಚಿತು, ಬೀಗ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಕಾಲೇಜಿನ ಕಂಪ್ಯೂಟರಿನಲ್ಲಿ ಆ ಫ್ಲಾಪಿಗಳನ್ನು ಹಾಕಿ ನೋಡಿದೆ. ಇಂಗ್ಲಿಷಿನ ಒತ್ತೊತ್ತು ಗುರುತುಗಳು ಸಾಲಾಗಿ ಬಂದವು. ಅವರು ಮಾನಿಟರಿಗೆ ಮೂಗು ತಾಗುವಷ್ಟು ಬಾಗಿ ನೋಡಿದರು.

"ಎಂಟ್ನೂರು ವರ್ಸದ ಕಲ್ಲು ಓದ್ಬೌದು. ಎಂಟು ವರ್ಸದ್ದು ಇದು ಓದಕ್ಕಾಗಲ್ಲ" ಎಂದರು. ಆಮೇಲೆ, ಬೀಗ ಇರುವ ಪೆಟ್ಟಿಗೆ ಇನ್ನು ಬೇಡ, ಬೀಗವಿಲ್ಲದ್ದು ಇದ್ದರೆ ಹೇಳಿ ಎಂದು ಕೇಳಿದರು.

ನಾನು ಲಿನಕ್ಸ್ ವಿಷಯ ಹೇಳಿದ್ದು ಆಗ, ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದಾದ ತಂತ್ರಾಂಶ ಅದು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಅದರಲ್ಲಿ ಕನ್ನಡ ಆಗತಾನೆ ಕಣ್ಣು ಬಿಡುತ್ತಿತ್ತು, ಒತ್ತಕ್ಷರ ಕೆಲವೊಮ್ಮೆ ಪಕ್ಕಕ್ಕೆ ಜಾರುತ್ತಿತ್ತು. ಆದರೆ ಬರೆದದ್ದು ಎಲ್ಲರಿಗೂ ಗೊತ್ತಿರುವ ಸಂಕೇತದಲ್ಲಿ ಉಳಿಯುತ್ತಿತ್ತು, ಯಾರ ಬೀಗವೂ ಬೇಕಿರಲಿಲ್ಲ. ತೊಂದರೆ ಬೇರೆಯದು. ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳ ತಯಾರಕರು ಅವನ್ನು ನಡೆಸುವ ತಂತ್ರಾಂಶವನ್ನು ವಿಂಡೋಸಿಗೆ ಮಾತ್ರ ಕೊಡುತ್ತಿದ್ದರು. ಲಿನಕ್ಸಿಗೆ ಎಲ್ಲೋ ಯಾರೋ ಆಸಕ್ತರು ಕೂತು ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಮೊದಲು ಭಾಗ ಆರಿಸಿ, ಆಮೇಲೆ ಕಂಪ್ಯೂಟರು ಜೋಡಿಸಬೇಕು. ಯಾವ ಭಾಗ ನಡೆಯುತ್ತದೆ ಎಂಬ ಪಟ್ಟಿಯನ್ನು ನಾನು ಬ್ರೌಸಿಂಗ್ ಸೆಂಟರಿನಲ್ಲಿ ಮುದ್ರಿಸಿಕೊಂಡು, ಕೆಂಪು ಗೆರೆ ಎಳೆದು, ಅವರ ಮುಂದೆ ಇಟ್ಟೆ.

ಅವರು ಅದನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಅವರಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು.

"ಇದನ್ನ ಬರ್ದೋರು ಪೆಟ್ಟಿಗೆ ಬಿಚ್ಚಿ ನೋಡವ್ರಾ?"

ಕೆಲವರು ನೋಡಿರುತ್ತಾರೆ, ಎಲ್ಲರ ಅನುಭವ ಸೇರಿಸಿ ಮಾಡಿದ್ದು ಎಂದೆ.

"ಹಂಗಾದ್ರೆ ಇದು ಪುಸ್ತಕ. ಪುಸ್ತಕದಲ್ಲಿರೋದು ಒಬ್ರು ಓದಿದ್ದು. ನಾವು ಕಲ್ಲ್ ಹತ್ರ ಹೋಗ್ಬೇಕು."

ಕಲ್ಲಿನ ಹತ್ತಿರ ಎಂದರೆ ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ, ಕಂಪ್ಯೂಟರು ಜೋಡಿಸಿಕೊಡುವ ಅಂಗಡಿ. ಅಂಗಡಿಯವನು ಮೂವತ್ತರ ಆಸುಪಾಸಿನವನು, ಮಾತುಗಾರ. ಅವನು ಡಬ್ಬಗಳನ್ನು ಸಾಲಾಗಿ ಇಟ್ಟು ಒಂದೊಂದರ ಗುಣ ಹೇಳಲು ತೊಡಗಿದ. ಇವರು ಡಬ್ಬದ ಕಡೆ ನೋಡಲೇ ಇಲ್ಲ. ಬಿಚ್ಚಿ ಎಂದರು. ಹೊರಬಂದ ಹಸಿರು ಹಲಗೆಯನ್ನು ಅಂಚು ಹಿಡಿದು ಎತ್ತಿ, ಟಾರ್ಚನ್ನು ಅದರ ಪಕ್ಕಕ್ಕೆ ಮಲಗಿಸಿ ಬೆಳಕು ಬಿಟ್ಟರು. ಹಲಗೆಗೆ ಬೆಸೆದಿದ್ದ, ಅದನ್ನು ನಡೆಸುವ ಕಪ್ಪು ಚಿಪ್ಪಿನ ಬೆನ್ನ ಮೇಲೆ, ನೇರ ಬೆಳಕಿನಲ್ಲಿ ಕಾಣದ ಸಣ್ಣ ಅಂಕಿಗಳು ಎದ್ದುವು. ಹಳೇಬೀಡಿನ ಕನ್ನಡಿಯದೇ ಕೆಲಸ. ಅವರು ಒಂದೊಂದೇ ಅಂಕಿ ಹೇಳಿದರು, ನಾನು ಬರೆದುಕೊಂಡೆ, ಅವರು ಮತ್ತೆ ನನ್ನಿಂದ ಓದಿಸಿ ಚಿಪ್ಪಿನೊಂದಿಗೆ ತಾಳೆ ನೋಡಿದರು. ಬರೆದದ್ದನ್ನು ನಾನು ಬ್ರೌಸಿಂಗ್ ಸೆಂಟರಿಗೆ ಹೋಗಿ ಹುಡುಕುವುದು, ಮುಂದಿನ ವಾರ ಬಂದು ಆ ಭಾಗ ಸೈ ಅಥವಾ ಬೇಡ ಎನ್ನುವುದು. ಇದು ನಮ್ಮ ಪದ್ಧತಿಯಾಯಿತು.

ಮೊದಲ ಸಲವೇ ಇದರಿಂದ ಲಾಭವಾಯಿತು. ನೆಟ್‌ವರ್ಕ್ ಕಾರ್ಡಿನ ಡಬ್ಬದ ಮೇಲೆ ನನ್ನ ಪಟ್ಟಿಯಲ್ಲಿದ್ದ ಹೆಸರೇ ಇತ್ತು, ಒಳಗಿನ ಚಿಪ್ಪು ಬೇರೆಯಿತ್ತು. ಮೋಡೆಮ್ ಇನ್ನೂ ವಿಚಿತ್ರ. ಕಂಪ್ಯೂಟರಿನ ಒಳಗೆ ಕೂರುವ ಅಗ್ಗದ ಮೋಡೆಮ್‌ಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸಿನ ತಲೆಗೆ ಕಟ್ಟುತ್ತಿದ್ದವು, ಲಿನಕ್ಸಿಗೆ ಆ ಅರ್ಧ ಸಿಗುತ್ತಿರಲಿಲ್ಲ. ನಾನು ಇದನ್ನು ಕಷ್ಟಪಟ್ಟು ವಿವರಿಸುವಷ್ಟರಲ್ಲಿ ಅವರು, "ತಿಳೀತು. ಅರ್ಧ ಕಲ್ಲು ಇಲ್ಲಿ, ಇನ್ನರ್ಧ ಯಾರ್ದೋ ಮನೆ ಮೆಟ್ಲಲ್ಲಿ. ಬ್ಯಾಡ ಬಿಡಿ" ಎಂದರು. ಹೊರಗಿಡುವ ಹಳೆಯ ಬಗೆಯ ಮೋಡೆಮ್ ಆರಿಸಿದೆವು.

ಅಂಗಡಿಯವನ ತಾಳ್ಮೆ ಮೂರನೆಯ ವಾರಕ್ಕೆ ತೆಳ್ಳಗಾಗಿತ್ತು. "ಏನ್ ಯಜಮಾನ್ರೇ, ಹೆಣ್ಣು ನೋಡೋರು ಮೂರ್ ಸರ್ತಿ ಬಂದ್ರೆ ಊರೋರೇ ಕೇಳ್ತಾರೆ, ಒಪ್ಪಿಗೆನೋ ಇಲ್ವೋ ಅಂತ" ಎಂದ.

"ಮೂರ್ ಸರ್ತಿನೂ ಜಾತಕಾನೇ ತೋರಿಸ್ದಲ್ಲಪ್ಪ ನೀನು. ಹುಡುಗಿ ಎಲ್ಲವ್ಳೆ?" ಎಂದರು ಇವರು, ಚಿಪ್ಪಿನಿಂದ ಕಣ್ಣು ತೆಗೆಯದೆ. ಅವನೂ ನಕ್ಕು ಇನ್ನೊಂದು ಡಬ್ಬ ಬಿಚ್ಚಿದ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನೇ ಟಾರ್ಚು ಹಿಡಿಯುತ್ತಿದ್ದ. ಪೆಟ್ಟಿಗೆ ಜೋಡಿಸಿದ ದಿನ, ಡಿಸ್ಕಿಗೆ ಹಾಕದೆ ಸಿಡಿಯಿಂದಲೇ ನಡೆಯುವ ಒಂದು ಲಿನಕ್ಸನ್ನು ನಾನು ಹಾಕಿ ತೋರಿಸಿದೆ. ಬಣ್ಣ, ಶಬ್ದ, ನೆಟ್‌ವರ್ಕು, ಎಲ್ಲವೂ ಮೊದಲ ಸಲಕ್ಕೇ ಎದ್ದುವು. ಅಂಗಡಿಯವನು, ಇನ್ನು ಮೇಲೆ ತಾನೂ ಚಿಪ್ಪು ನೋಡಿಯೇ ಮಾಲು ತರುವುದಾಗಿ ಹೇಳಿದ.

ಉಳಿದದ್ದು ಸ್ಕ್ಯಾನರು. ನಮಗೆ ಮುಖ್ಯವಾದದ್ದೇ ಅದು. ಉಳಿದ ಯಾವ ಭಾಗ ಕೈಕೊಟ್ಟರೂ ಬೇರೆ ದಾರಿಯಿತ್ತು, ಸ್ಕ್ಯಾನರಿಲ್ಲದೆ ಟ್ರಂಕಿನ ಕಾಗದ ಒಳಗೆ ಹೋಗುವಂತಿರಲಿಲ್ಲ.

ಈ ಸ್ಕ್ಯಾನರಿನ ಕಥೆಯನ್ನು ನಾನು ಅನೇಕ ವರ್ಷ ಹೇಳಿಕೊಂಡು ಬಂದದ್ದು ಹೀಗೆ. ಪಟ್ಟಿಯಲ್ಲಿದ್ದ ಮಾದರಿಯೇ ಅಂಗಡಿಗೆ ಬಂತು. ಅಂದು ಶನಿವಾರ ಬೆಳಿಗ್ಗೆ, ಕರೆಂಟಿರಲಿಲ್ಲ. ತೋರಿಸಲು ಇಟ್ಟಿದ್ದ ಒಂದನ್ನು ಸಿಡಿ ಹಾಕಿ ಪರೀಕ್ಷಿಸುವಂತಿರಲಿಲ್ಲ. ಮಾರುವುದು ಸೀಲ್ ಮಾಡಿದ ಡಬ್ಬದಲ್ಲಿತ್ತು. ಸೀಲ್ ಒಡೆದರೆ ಮಾಲು ಕಳಿಸುವ ಮೇಲಿನವರು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವನು ಮೊದಲೇ ಹೇಳಿದ. ಅಷ್ಟು ಹೊತ್ತಿಗೆ ಅಚ್ಚಿನವರಿಗೆ ಮೆಟ್ಟಿಲು ಇಳಿಯುವಾಗ ಕಾಲು ತಡಕುವಂತಾಗಿತ್ತು, ಅವಸರವಾಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ತಗೊಂಡ್‌ಬಿಡಿ ಮೇಷ್ಟ್ರೇ" ಎಂದರು. ಅವರೇ ಅಷ್ಟು ಹೇಳಿದ ಮೇಲೆ ನಾನು ಸೋಮವಾರ ಹೋಗಿ ತಂದೆ. ಎಲ್ಲವನ್ನೂ ಮಗುಚಿ ನೋಡುವ ಮನುಷ್ಯ ಅದೊಂದು ಸಲ ಅವಸರಪಟ್ಟರು, ಅದೇ ಕೈಕೊಟ್ಟಿತು.

ಕೈಕೊಟ್ಟದ್ದು ನಿಜ. ಹಾರನಹಳ್ಳಿಯ ನಡುಮನೆಯಲ್ಲಿ ತಂತಿ ಚುಚ್ಚಿದಾಗ, ಇಲ್ಲೊಂದು ಸ್ಕ್ಯಾನರಿದೆ ಎಂದು ಲಿನಕ್ಸ್ ಗುರುತಿಸಿತು. ಅದರಾಚೆ ಏನೂ ಮಾಡಲಿಲ್ಲ. ದೀಪ ಹೊತ್ತಿಕೊಳ್ಳಲಿಲ್ಲ, ಅದರ ಕಡ್ಡಿ ಕದಲಲಿಲ್ಲ. ಎರಡು ವಾರ ನಾನು ಏನೇನೋ ಆಜ್ಞೆ ಕೊಟ್ಟೆ. ಕೊನೆಗೆ ಲಿನಕ್ಸ್ ಬಳಸುವವರ ಒಂದು ಇಮೇಲ್ ಗುಂಪಿಗೆ ಬರೆದಾಗ ಯಾರೋ ಉತ್ತರಿಸಿದರು. ಆ ಹೆಸರಿನ ಸ್ಕ್ಯಾನರಿನಲ್ಲಿ ಎರಡು ಬಗೆ ಇದೆ, ಹೊರಗಿನಿಂದ ಎರಡೂ ಒಂದೇ, ಒಳಗಿನ ಚಿಪ್ಪು ಬೇರೆ ಬೇರೆ. ಮಗುಚಿ ಅಡಿಯಲ್ಲಿ ಅಚ್ಚೊತ್ತಿರುವ ಸಂಖ್ಯೆ ನೋಡಿ, ಇಂಥದ್ದಾದರೆ ನಡೆಯುತ್ತದೆ, ಇನ್ನೊಂದಾದರೆ ಸದ್ಯಕ್ಕೆ ಇಲ್ಲ. ನಾನು ಮಗುಚಿದೆ. ನಮ್ಮದು ಇನ್ನೊಂದು.

ಇದನ್ನು ಅವರಿಗೆ ಹೇಳಲು ಹೋದ ದಿನ ಜಗಲಿಯ ಮೇಲೆ ಕೂತು ಕಣ್ಣಿಗೆ ಔಷಧಿ ಬಿಡಿಸಿಕೊಂಡಿದ್ದರು. ಕಣ್ಣು ಮುಚ್ಚಿಯೇ ಕೇಳಿಸಿಕೊಂಡರು.

"ಅಡಿ ನೋಡಿದ್ರಾ?" ಎಂದರು.

"ಈಗ ನೋಡ್ದೆ ಯಜಮಾನ್ರೇ."

"ಸರಿ" ಎಂದರು. ತಂಗಿಗೆ ಕಾಫಿ ತರಲು ಹೇಳಿದರು. ಅಷ್ಟೇ. ಆ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ. ತಮ್ಮ ಅವಸರಕ್ಕೆ ನಾಚಿಕೊಂಡಿದ್ದಾರೆ ಎಂದು ನಾನು ಭಾವಿಸಿದೆ.

ಅಂಗಡಿಯವನು ಹೇಳಿದ್ದಂತೆ ವಾಪಸು ಆಗಲಿಲ್ಲ. ಬೇರೊಂದು ಸ್ಕ್ಯಾನರು ಹುಡುಕುವುದಕ್ಕೆ ಆರು ತಿಂಗಳಾಯಿತು. ನನ್ನ ಪರೀಕ್ಷೆಯ ಕೆಲಸ, ಮಳೆಗಾಲ, ಅವರ ಹಾಸನದ ಓಡಾಟ, ಎಲ್ಲ ನಡುವೆ ಬಂದವು. ಕೊನೆಗೆ ಬೇಲೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮೂಲೆ ಸೇರಿದ್ದ, ಹಳೆಯ, ಭಾರದ ಒಂದು ಸ್ಕ್ಯಾನರು ಸಿಕ್ಕಿತು. ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ನಾನು ಅದನ್ನು ಮಗುಚಿ ಹಿಡಿದೆ. ಅವರು ಅಡಿಯಲ್ಲಿ ಬೆರಳಾಡಿಸಿ ಅಂಕಿ ಹೇಳಿದರು. ಟಾರ್ಚು ತೆಗೆಯಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಒಂದು ಕಿಂಡಿ ಮಾತ್ರ ಉಳಿದಿದೆ ಎಂದು.

ಹೀಗೆ, ಚಿತ್ರ ತೆರೆಯ ಮೇಲೆ ಬರುವ ಹೊತ್ತಿಗೆ ಅದನ್ನು ನೋಡಬೇಕಾದ ಕಣ್ಣು ಇರಲಿಲ್ಲ. ನಾನು ಕೆಲಸ ನಿಲ್ಲಿಸೋಣವೇ ಎಂದು ಕೇಳಿದೆ. ಅವರು ಟ್ರಂಕಿನಿಂದ ಒಂದು ಕಾಗದ ತೆಗೆಸಿ, ಹಿಂಬದಿ ಮೇಲೆ ಮಾಡಿ ಹರಡಿಸಿಕೊಂಡರು. ಬಡಿದ ಕಾಗದದಲ್ಲಿ ಅಕ್ಷರದ ಉಬ್ಬು ಎಷ್ಟು ವರ್ಷವಾದರೂ ಪೂರ್ತಿ ಅಳಿಯುವುದಿಲ್ಲ. ಚಪ್ಪಟೆ ಬೆರಳು ಬಲದಿಂದ ಎಡಕ್ಕೆ ಹರಿಯಿತು, ಹಿಂಬದಿಯಾದ್ದರಿಂದ. ಒಂದು ಸಾಲು ಓದಿದರು.

ನಾನು ನಂಬಲಿಲ್ಲ. ನೆನಪಿನಿಂದ ಹೇಳುತ್ತಿದ್ದಾರೆ, ಬೆರಳು ನೆಪ ಎಂದುಕೊಂಡೆ. ಮಾರನೆಯ ವಾರ ಒಂದು ಊರಿನ ಕಾಗದ ಎಂದು ಹೇಳಿ ಬೇರೊಂದನ್ನು ಮುಂದಿಟ್ಟೆ. ಅವರು ಎರಡು ಅಕ್ಷರಕ್ಕೆ ಬೆರಳು ನಿಲ್ಲಿಸಿದರು.

"ಪರೀಕ್ಷೆ ಮಾಡ್ತಿದ್ದೀರಾ ಮೇಷ್ಟ್ರೇ?"

ನಾನು ಹೌದೆಂದೆ.

"ಮಾಡ್ಬೇಕು. ನಾನು ಹೇಳ್ದೆ ಅಂತ ಬರ್ಕೊಂಡ್ರೆ ನಾಳೆ ಇದೂ ಒಂದು ಪುಸ್ತಕ ಆಯ್ತದೆ" ಎಂದು, ಆ ಕಾಗದ ನಿಜವಾಗಿ ಯಾವ ಊರಿನದೆಂದು ಹೇಳಿದರು. ಮೂಲೆಯ ಬರಹ ನೋಡಿದೆ. ಸರಿಯಿತ್ತು.

ಮುಂದಿನ ಎರಡು ವರ್ಷ ಭಾನುವಾರಗಳು ಹೀಗೆ ಹೋದವು. ದೊಡ್ಡ ಕಾಗದಗಳನ್ನು ತುಂಡು ತುಂಡಾಗಿ ಸರಿಸುತ್ತ ಸ್ಕ್ಯಾನು ಮಾಡುವುದು, ತೆರೆಯ ಮೇಲೆ ಕಂಡದ್ದನ್ನು ನಾನು ಗಟ್ಟಿಯಾಗಿ ಓದುವುದು, ಅವರು ಬೆರಳಿಟ್ಟು ತಿದ್ದುವುದು. ತಪ್ಪು ಓದಿದರೆ ಬೈಯುತ್ತಿರಲಿಲ್ಲ. ಮತ್ತೊಮ್ಮೆ ನೋಡಿ ಎನ್ನುವರು. ಮೂರನೆಯ ಸಲವೂ ತಪ್ಪಿದರೆ ಮಾತ್ರ, ಅಡಿಗೆಮನೆಯ ಕಡೆ ತಿರುಗಿ, "ಮೇಷ್ಟ್ರಿಗೆ ಹಸಿವಾಗೈತೆ ಕಣೇ" ಎನ್ನುವರು. ಕಣ್ಣಿದ್ದಿದ್ದರೆ ಒಂದು ದಿನಕ್ಕೆ ಹತ್ತು ಕಾಗದವಾಗುತ್ತಿತ್ತು. ಬೆರಳಿಗೆ ಒಂದು, ಹೆಚ್ಚೆಂದರೆ ಎರಡು. ಉಬ್ಬು ಅಳಿದ ಕಡೆ ಬೆರಳು ಸುಮ್ಮನಾಗುತ್ತಿತ್ತು. ಅಂಥಲ್ಲಿ ಊಹಿಸಲು ಅವರು ಒಪ್ಪಲಿಲ್ಲ, ಜಾಗ ಖಾಲಿ ಬಿಡಿ ಎನ್ನುತ್ತಿದ್ದರು.

ಮೊದಲ ಟ್ರಂಕು ಮುಗಿಯಿತು. ಎರಡನೆಯದು ತೆರೆದು ಕೆಲವೇ ವಾರಕ್ಕೆ ಅವರು ಹಾಸಿಗೆ ಹಿಡಿದರು. ಚಳಿಗಾಲದ ಒಂದು ಮುಂಜಾನೆ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿ ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಂಗಿ ಟ್ರಂಕಿನ ಬೀಗದ ಕೈ ಕೊಟ್ಟರು. "ಒಲೆಗೆ ಹಾಕ್ತೀನಿ ಅಂತ ಅಂತಿದ್ದೆ. ಒಂದ್ ಚೂರೂ ಮುಟ್ಟಿಲ್ಲ ಮೇಷ್ಟ್ರೇ" ಎಂದರು. ಎರಡನೆಯ ಟ್ರಂಕಿನಲ್ಲಿ ಉಳಿದಿದ್ದ ಕಾಗದಗಳನ್ನು ನಾನು ಸ್ಕ್ಯಾನು ಮಾಡಿಟ್ಟೆ. ಚಿತ್ರಗಳಿವೆ. ಪಕ್ಕದಲ್ಲಿ ಓದು ಇರಬೇಕಾದ ಕಡೆ ಖಾಲಿ. ಅವರ ನೋಟ್‌ಬುಕ್ಕಿನ ಚುಟುಕು ಗುರುತುಗಳನ್ನು ಬಿಡಿಸಬಲ್ಲವರು ಯಾರೂ ಸಿಕ್ಕಿಲ್ಲ. ತಿಳಿದವರೊಬ್ಬರು ನೋಡಿ, ಮಸಿ ಹೆಚ್ಚಾದ ಪ್ರತಿಗಳು, ತೆಗೆದವರಿಗೇ ಕಲ್ಲು ನೆನಪಿದ್ದರೆ ಸರಿ, ಬೇರೆಯವರಿಗೆ ಕಷ್ಟ ಎಂದು ಹಿಂತಿರುಗಿಸಿದರು.

ಅವರನ್ನು ನೆನೆಯಲು ಊರಿನವರು ಸೇರಿದ್ದಾಗ ನಾನು ಮಾತಾಡಿದೆ. ಕನ್ನಡಿಯ ಪ್ರಸಂಗ, ಟಾರ್ಚಿನ ಪ್ರಸಂಗ, ಜಾತಕದ ಮಾತು, ಎಲ್ಲ ಹೇಳಿದೆ. ಸ್ಕ್ಯಾನರಿನದೂ ಹೇಳಿದೆ, ನನ್ನ ರೀತಿಯಲ್ಲಿ. ಎಂಥವರಿಗೂ ಒಂದು ಗಳಿಗೆ ಅವಸರ ಬರುತ್ತದೆ ಎಂದು ಮುಗಿಸಿದೆ. ತಂಗಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಮುಖದಲ್ಲಿ ಏನೂ ಕಂಡ ನೆನಪಿಲ್ಲ.

ಅರಸೀಕೆರೆ ಬಿಟ್ಟು ನಾಲ್ಕು ಮನೆ ಬದಲಾಯಿಸಿದ ಮೇಲೆ, ಹಳೆಯ ಕಡತಗಳನ್ನು ರದ್ದಿಗೆ ಹಾಕುವಾಗ, ಆ ಪಟ್ಟಿ ಸಿಕ್ಕಿತು. ಕೆಂಪು ಗೆರೆಗಳು ಹಾಗೇ ಇದ್ದವು. ಸ್ಕ್ಯಾನರಿನ ಹೆಸರಿನ ಮುಂದೆ ಒಂದು ನಕ್ಷತ್ರದ ಗುರುತಿತ್ತು. ಗುರುತಿನ ವಿವರ ಕೊನೆಯ ಪುಟದಲ್ಲಿ ಎಂದು ಕೆಳಗೆ ಹಾಕಿತ್ತು. ಕೊನೆಯ ಪುಟವನ್ನು ನಾನು ಮುದ್ರಿಸಿಕೊಂಡಿರಲಿಲ್ಲ. ಆ ಹಾಳೆಗೆ ಗುಂಡುಪಿನ್ನು ಚುಚ್ಚಿ ಒಂದು ತೆಳು ಕಾಗದ ಸೇರಿಸಿತ್ತು. ತುಂಬ ಸೀಸದಕಡ್ಡಿ ಉಜ್ಜಿದ ಕಾಗದ, ಬೂದು ಬಣ್ಣದ ನಡುವೆ ಒಂದು ಸಂಖ್ಯೆ ಸ್ಪಷ್ಟವಾಗಿ ಎದ್ದಿದೆ, ನಡೆಯದ ಆ ಇನ್ನೊಂದು ಬಗೆಯದೇ. ಬಲ ಮೂಲೆಯಲ್ಲಿ ಅವರ ಕೈಬರಹ: "ಸ್ಕ್ಯಾನರು, ಅಡಿಮಗ್ಗುಲು. ಅರಸೀಕೆರೆ, ಶನಿವಾರ ಬೆಳಿಗ್ಗೆ. ನೋಡಿ ಹೇಳುವುದು."

ಆಗ ಒಂದಿಷ್ಟು ಮರಳಿ ಬಂತು. ಕರೆಂಟಿಲ್ಲದ ಅಂಗಡಿಯಲ್ಲಿ ಅವರು ಕಂಪ್ಯೂಟರಿಗಾಗಿ ಕಾಯದೆ, ತೋರಿಸಲು ಇಟ್ಟಿದ್ದ ಸ್ಕ್ಯಾನರನ್ನು ಮೇಜಿನ ಮೇಲೆ ಮಗುಚಿಸಿದ್ದು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಎರಕವಾಗಿದ್ದ ಸಂಖ್ಯೆ ಕಣ್ಣಿಗೆ ಸಿಗದೆ, ಕಾಗದವಿಟ್ಟು ಉಜ್ಜಿದ್ದು. ಅಂಗಡಿಯವನು ಇದೇನು ಯಜಮಾನ್ರೇ ಇದಕ್ಕೂ ಅಚ್ಚೇ ಎಂದದ್ದು. ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟದ್ದು. ಇವು ನಿಜವಾದ ನೆನಪೋ, ಆ ಕಾಗದ ಕಂಡ ಮೇಲೆ ನಾನು ಕಟ್ಟಿಕೊಂಡದ್ದೋ, ಹೇಳಲಾರೆ. ಆದರೆ ಕಾಗದದ ಬಗ್ಗೆ ಅನುಮಾನವಿಲ್ಲ. ಬಿಲ್ಲೂ ಅದೇ ಕಡತದಲ್ಲಿದೆ, ಸೋಮವಾರದ್ದು. ನಡುವೆ ಒಂದೂವರೆ ದಿನವಿತ್ತು. ಬ್ರೌಸಿಂಗ್ ಸೆಂಟರು ನನ್ನ ಕೋಣೆಗೆ ಐದು ನಿಮಿಷದ ದಾರಿ.

ಅಂಗಡಿಯ ಮೆಟ್ಟಿಲ ಮೇಲೆ ಅವರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: ತಗೊಂಡ್‌ಬಿಡಿ ಮೇಷ್ಟ್ರೇ. ಅದರ ಹಿಂದೆ, ನೋಡಿ, ಸರಿಯಿದ್ರೆ, ಎಂದು ಇದ್ದಿರಬೇಕು. ಆ ಮನುಷ್ಯನ ಬಾಯಲ್ಲಿ ಅದಿಲ್ಲದೆ ಆ ಮಾತು ಬರುವುದು ಸಾಧ್ಯವಿರಲಿಲ್ಲ. ಉಳಿದದ್ದನ್ನು ಬಿಟ್ಟು, ನನಗೆ ಅನುಕೂಲವಾದ ತುಂಡನ್ನು ನಾನು ಇಟ್ಟುಕೊಂಡೆ. ಜಗಲಿಯ ಮೇಲೆ ಅವರು ಕೇಳಿದ, ಅಡಿ ನೋಡಿದ್ರಾ ಎಂಬ ಪ್ರಶ್ನೆ ಆ ದಿನದ್ದಲ್ಲ, ಆ ಶನಿವಾರದ್ದು. ನನ್ನ ಉತ್ತರ ಕೇಳಿದ ಮೇಲೆ ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ಎರಡು ವರ್ಷ ನನ್ನ ಪಕ್ಕದಲ್ಲಿ ಕೂತು, ನಾನು ತಪ್ಪು ಓದಿದಾಗಲೆಲ್ಲ, ಮತ್ತೊಮ್ಮೆ ನೋಡಿ ಎಂದಷ್ಟೇ ಹೇಳಿದರು.

ಕಳೆದ ತಿಂಗಳು ಹಾರನಹಳ್ಳಿಗೆ ಹೋಗಿ ತಂಗಿಗೆ ಆ ಕಾಗದ ತೋರಿಸಿದೆ. ಅವರಿಗೆ ಓದು ಬರುವುದಿಲ್ಲ. ನಾನೇ ಓದಿ, ಅವತ್ತು ಸಭೆಯಲ್ಲಿ ಹೇಳಿದ್ದು ಸುಳ್ಳು ಎಂದೆ. ಅವರು ಕಾಗದವನ್ನು ಕೈಗೆ ತೆಗೆದುಕೊಂಡು, "ಗೊತ್ತಿತ್ತು ಕಣಪ್ಪ. ಅಂಗ್ಡಿಗ್ ಹೋಗಿದ್ ದಿನ ರಾತ್ರಿ ಬಂದು, ಮೇಷ್ಟ್ರಿಗೆ ಕೊಟ್ಟಿವ್ನಿ, ನೋಡ್ತಾರೆ ಅಂದಿದ್ದ" ಎಂದರು. ಮೇಷ್ಟ್ರೇ ಎನ್ನುತ್ತಿದ್ದವರು ಮೊದಲ ಸಲ ಕಣಪ್ಪ ಎಂದಿದ್ದರು. ಕಾಗದವನ್ನು ಹಿಂದಕ್ಕೆ ಕೊಟ್ಟು ಕಾಫಿಗೆ ನೀರಿಡಲು ಎದ್ದರು.

ಬೇಲೂರಿನ ಸ್ಕ್ಯಾನರು ಇನ್ನೂ ನಡೆಯುತ್ತದೆ. ಆ ಕಾಗದವನ್ನೂ ಅದರ ಮೇಲಿಟ್ಟು, ಎರಡನೆಯ ಟ್ರಂಕಿನ ಚಿತ್ರಗಳ ಕೊನೆಯಲ್ಲಿ ಸೇರಿಸಿದೆ. ಅವರು ಹೇಳಿಕೊಟ್ಟ ಕ್ರಮದಲ್ಲೇ ವಿವರ ತುಂಬಿದೆ: ಊರು ಅರಸೀಕೆರೆ, ಅಡಿಮಗ್ಗುಲು, ತೆಗೆದವರು ಅವರು. ಓದು ಎಂಬ ಕಡೆ ಆ ಸಂಖ್ಯೆಯನ್ನು ಬರೆದೆ. ಆ ಟ್ರಂಕಿನಲ್ಲಿ ಓದು ತುಂಬಿರುವ ಕೊನೆಯ ಕಾಗದ ಅದು. ಷರಾ ಎಂಬ ಕಡೆ ಏನು ಬರೆಯಬೇಕೆಂದು ಬಹಳ ಹೊತ್ತು ಕೂತಿದ್ದು, ಎರಡು ಪದ ಬರೆದೆ: ನೋಡಿ ಹೇಳಲಿಲ್ಲ.